ಬಕೆಟ್ಟಿನ ಹಲ್ಲಿಗೆ ಬಂದ ಸ್ಪರ್ಶ

ಮುಂಗಾರಿಗೆ ಮುಂಚೆ ಬೆಂಗಳೂರಿನ ರಾಜಕಾಲುವೆಗಳಲ್ಲಿ ಹೂಳೆತ್ತುವ ಜೆಸಿಬಿ ಆಪರೇಟರುಗಳ ಕೆಲಸವನ್ನು ನಿಂತು ನೋಡಬೇಕು. ಹೆಬ್ಬಾಳ, ಕೋರಮಂಗಲ, ವೃಷಭಾವತಿ ಕಣಿವೆಗಳತ್ತ ಮಳೆನೀರು ಹೋಗುವ ದಾರಿ ಈ ಕಾಲುವೆಗಳು. ಕಟ್ಟಿಕೊಂಡರೆ ಏನಾಗುತ್ತದೆಂದು 2022ರ ಸೆಪ್ಟೆಂಬರಿನ ನೆರೆ ತೋರಿಸಿದೆ.

ಮೊದಲು ಹಿಂಬದಿಯ ಎರಡು ಕಬ್ಬಿಣದ ಕಾಲು ಊರಿ ಗಾಡಿಯನ್ನು ಅಲುಗದಂತೆ ನಿಲ್ಲಿಸುತ್ತಾರೆ. ನೆಲ ಮೆತ್ತಗಿದ್ದರೆ ಅಡಿಗೆ ಹಲಗೆ. ಸೀಟು ಹಿಂದಕ್ಕೆ ತಿರುಗಿಸಿ ಕೂತ ಮೇಲೆ ಎಲ್ಲವೂ ಲಿವರುಗಳ ಮೇಲೆ. ತೋಳು ಚಾಚುವುದು, ಮಡಿಸುವುದು, ಬಕೆಟ್ ಮಗುಚುವುದು, ಪಕ್ಕಕ್ಕೆ ಹೊರಳಿಸುವುದು: ಹೊಸಬರು ಒಂದೊಂದಾಗಿ ಮಾಡುವುದನ್ನು ನುರಿತವರು ಒಂದೇ ಬೀಸಿನಲ್ಲಿ ಮುಗಿಸುತ್ತಾರೆ.

ನಾನು ಬೆರಗಾಗುವುದು ಅವರು ನಿಲ್ಲಿಸುವ ಕ್ಷಣಕ್ಕೆ. ಕೆಸರಿನೊಳಗೆ ಬಕೆಟ್ಟಿನ ಹಲ್ಲು ಗಟ್ಟಿಯಾದದ್ದಕ್ಕೆ ತಾಗಿದರೆ ಎಂಜಿನ್ನಿನ ದನಿ ಭಾರವಾಗುತ್ತದೆ, ಲಿವರಿನ ಮೇಲಿನ ಕೈ ತಕ್ಷಣ ಸಡಿಲುತ್ತದೆ. ಅದು ಕಲ್ಲೋ, ಕಾವೇರಿ ನೀರಿನ ಪೈಪೋ, ಕರೆಂಟಿನ ಕೇಬಲ್ಲೋ? ಸಹಾಯಕ ಸಲಿಕೆ ಹಿಡಿದು ಇಳಿದು ನೋಡುವವರೆಗೆ ಏಳೆಂಟು ಟನ್ನಿನ ಯಂತ್ರ ಕಾಯುತ್ತದೆ. ಬೇಗ ಮುಗಿಸಿ ಎಂದು ಮೇಲಿನಿಂದ ಎಷ್ಟೇ ಕೂಗಿದರೂ ಕಾಯಿಸುವ ಆಪರೇಟರಿಗೆ ನನ್ನ ಪೂರ್ತಿ ಗೌರವ.

ಎತ್ತಿದ ಹೂಳನ್ನು ದಡದಲ್ಲೇ ಸುರಿದರೆ ಮೊದಲ ಮಳೆಗೇ ಅದು ಮರಳಿ ಕಾಲುವೆಗೆ. ಅದಕ್ಕೇ ಒಳ್ಳೆಯವರು ಬಕೆಟ್ಟಿನ ನೀರು ಸೋರಲು ಬಿಟ್ಟು, ನೇರ ಟಿಪ್ಪರಿಗೇ ತುಂಬುತ್ತಾರೆ.