ಭೀಮೆಯ ದಂಡೆಯಿಂದ ಕಂಡ ಜಂಬೂಸವಾರಿ

ವಿಜಯದಶಮಿಯ ಮಧ್ಯಾಹ್ನ ಮೈಸೂರು ಅರಮನೆಯ ಬಲರಾಮ ದ್ವಾರದಲ್ಲಿ ನಂದಿಧ್ವಜಕ್ಕೆ ಪೂಜೆ ನಡೆಯುವ ಹೊತ್ತಿಗೆ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಯ ಮನೆಗಳಲ್ಲಿ ಟಿವಿ ಹಚ್ಚಿಟ್ಟಿರುತ್ತಾರೆ. ಒಳಗೆ ಹೋಳಿಗೆಯ ಹೂರಣ ರುಬ್ಬುವ ಕೆಲಸ ನಡೆದಿರುತ್ತದೆ, ದೇವರ ಮುಂದೆ ಒಂಬತ್ತು ದಿನದ ದೀಪ ಇನ್ನೂ ಉರಿಯುತ್ತಿರುತ್ತದೆ, ಪಡಸಾಲೆಯಲ್ಲಿ ಚಂದನವೋ ಯಾವುದಾದರೂ ಸುದ್ದಿ ವಾಹಿನಿಯೋ ಮಾತಾಡುತ್ತಿರುತ್ತದೆ. ಮೈಸೂರಿಗೂ ಈ ತಾಲ್ಲೂಕುಗಳಿಗೂ ನಡುವೆ ಸುಮಾರು 700 ಕಿಲೋಮೀಟರ್. ದಸರೆಗೆಂದು ಅಲ್ಲಿಗೆ ಹೋಗಿಬಂದವರು ಊರಿಗೆ ನಾಲ್ಕಾರು ಮಂದಿ ಸಿಕ್ಕರೆ ಹೆಚ್ಚು. ಉಳಿದವರ ಪಾಲಿಗೆ ನೇರಪ್ರಸಾರವೇ ಮೈಸೂರು ದಸರಾ. ಅದನ್ನೊಂದು ಕೃತಿಯೆಂದು ತಿಳಿದು ಬೆಲೆಕಟ್ಟಬೇಕಾದದ್ದು ಈ ಕಾರಣಕ್ಕೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಪ್ರಸಾರದ ಕ್ಯಾಮೆರಾ ಇಡೀ ನಾಡಿಗೆ ಕಣ್ಣಾಗಿದೆ, ಅದರ ಮಾತು ಮಾತ್ರ ಇನ್ನೂ ಹಳೇ ಮೈಸೂರು ಸಂಸ್ಥಾನದ ಗಡಿ ದಾಟಿಲ್ಲ.

ಕ್ಯಾಮೆರಾದ ಹೆಚ್ಚುಗಾರಿಕೆಯನ್ನು ಮನಸ್ಸು ಬಿಚ್ಚಿ ಒಪ್ಪಬೇಕು. 750 ಕಿಲೋ ತೂಕದ ಚಿನ್ನದ ಅಂಬಾರಿ ಆನೆಯ ಬೆನ್ನ ಮೇಲೆ ಕೂರುವುದನ್ನು, ಹಗ್ಗ ಬಿಗಿಯುವವರ ಕೈಗಳನ್ನು, ಇಪ್ಪತ್ತೊಂದು ಕುಶಾಲತೋಪು ಹಾರುವಾಗ ಆನೆಯ ಕಿವಿ ಅಲುಗುವುದನ್ನು ಅದು ಹತ್ತಿರದಿಂದ ತೋರಿಸುತ್ತದೆ. ಅರಮನೆಯ ಮುಂದೆ ಪಾಸು ಹಿಡಿದು ಕೂತವರಿಗೂ ಅಷ್ಟು ಕಾಣಲಾರದು. ಕಾಡೂ ಇಲ್ಲದ, ಕಾಡಾನೆಯೂ ಇಲ್ಲದ ಈ ಎರೆಭೂಮಿಯ ಮಕ್ಕಳು ದ್ರೋಣ, ಬಲರಾಮ, ಅರ್ಜುನ, ಅಭಿಮನ್ಯು ಎಂದು ಅಂಬಾರಿ ಹೊತ್ತ ಆನೆಗಳ ಹೆಸರನ್ನು ಸಾಲಾಗಿ ಹೇಳಬಲ್ಲರು. ಅರ್ಜುನ ಎಂಟು ವರ್ಷ ಅಂಬಾರಿ ಹೊತ್ತವನು. 2023ರ ಡಿಸೆಂಬರ್ 4ರಂದು ಹಾಸನ ಜಿಲ್ಲೆಯಲ್ಲಿ ಕಾಡಾನೆ ಸೆರೆಹಿಡಿಯುವ ಕಾರ್ಯಾಚರಣೆಯಲ್ಲಿ ಅವನು ಕಾಡಾನೆಯೊಂದಿಗೆ ಸೆಣಸಿ ಸತ್ತಾಗ ಮೈಸೂರಿನವರಷ್ಟೇ ಇಲ್ಲಿಯವರೂ ಮರುಗಿದರು. "ನಮ್ಮ ಅರ್ಜುನ ಹೋದಾ" ಎಂದು ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಆಡಿಕೊಂಡರು. ಅವನನ್ನು ಕಣ್ಣಾರೆ ನೋಡಿದವರು ಅವರಲ್ಲಿ ಒಬ್ಬರೂ ಇರಲಿಲ್ಲ. ಭಾಷಣದಿಂದ, ಸಮ್ಮೇಳನದಿಂದ, ಪಠ್ಯಪುಸ್ತಕದಿಂದ ಬಾರದ ಕರುಳಿನ ನಂಟೊಂದು ಉತ್ತರದ ತುದಿಗೂ ದಕ್ಷಿಣದ ತುದಿಗೂ ಟಿವಿಯಿಂದ ಬೆಳೆದಿದೆ. ಇದು ಸಣ್ಣ ಸಾಧನೆಯಲ್ಲ.

ತೊಡಕು ಮಾತಿನಲ್ಲಿದೆ. ಮೆರವಣಿಗೆ ಅರಮನೆಯಿಂದ ಬನ್ನಿಮಂಟಪಕ್ಕೆ ಸುಮಾರು ಐದು ಕಿಲೋಮೀಟರ್ ನಡೆಯುವಷ್ಟೂ ಹೊತ್ತು ವೀಕ್ಷಕ ವಿವರಣೆ ಹರಿಯುತ್ತದೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರೆ ಆರಂಭಿಸಿದ್ದು, ಅದಕ್ಕೂ ಹಿಂದೆ ವಿಜಯನಗರದ ಮಹಾನವಮಿ, ಆಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ವೈಭವ. ಇದೆಲ್ಲ ಹೇಳಬೇಕಾದದ್ದೇ. ಆದರೆ ಕೇಳುತ್ತಿರುವ ಪ್ರತಿಯೊಬ್ಬರ ಅಜ್ಜ ಮುತ್ತಜ್ಜಂದಿರೂ ಒಡೆಯರ ಪ್ರಜೆಗಳೇ ಆಗಿದ್ದರು ಎಂಬ ಧಾಟಿಯಲ್ಲಿ ಹೇಳಿದರೆ ಅದು ಚರಿತ್ರೆ ಆಗುವುದಿಲ್ಲ. ಆಳಂದದ ಅಜ್ಜಂದಿರು ಹೈದರಾಬಾದಿನ ನಿಜಾಮನ ಪ್ರಜೆಗಳಾಗಿದ್ದರು. ಮೈಸೂರು ವಿಶ್ವವಿದ್ಯಾಲಯ ಹುಟ್ಟಿದ್ದು 1916ರಲ್ಲಿ. ಎರಡೇ ವರ್ಷದ ನಂತರ ನಿಜಾಮನ ರಾಜ್ಯದಲ್ಲೂ ಉಸ್ಮಾನಿಯಾ ವಿಶ್ವವಿದ್ಯಾಲಯ ಹುಟ್ಟಿತು, ಆದರೆ ಅಲ್ಲಿಯ ಪಾಠ ಉರ್ದುವಿನಲ್ಲಿ. ಕಲಬುರಗಿಗೆ ತನ್ನದೇ ವಿಶ್ವವಿದ್ಯಾಲಯ ಸಿಗಲು 1980 ಬರಬೇಕಾಯಿತು. 1947ರ ಆಗಸ್ಟ್‌ನಲ್ಲಿ ದೇಶ ಸ್ವತಂತ್ರವಾದಾಗ ಈ ನೆಲಕ್ಕೆ ಸ್ವಾತಂತ್ರ್ಯ ಬರಲಿಲ್ಲ, ರಜಾಕಾರರ ಹಾವಳಿ ಮುಗಿದು 1948ರ ಸೆಪ್ಟೆಂಬರ್ 17ರಂದು ಬಂತು. ಮೈಸೂರಿನೊಂದಿಗೆ ಒಂದೇ ರಾಜ್ಯವಾದದ್ದು 1956ರ ನವೆಂಬರ್ 1ರಂದು.

ಜೇವರ್ಗಿ ಕಡೆಯ ಹಿರಿಯರೊಬ್ಬರು ಜಂಬೂಸವಾರಿ ನೋಡುತ್ತ ಹೇಳಿದ ಮಾತು ನನ್ನ ಮನಸ್ಸಿನಲ್ಲಿ ನಿಂತಿದೆ: "ಅವ್ರು ಛಲೋ ಅರಸರು ಇದ್ರು ಅಂತ ಕೇಳೀವಿ, ಸುಳ್ಳಲ್ಲ. ಆದ್ರ ನಮಗ ಇದ್ದಾಂವ ನಿಜಾಮ. ನಮ್ಮಪ್ಪ ರಾಜರ ಕತಿ ಹೇಳಿದ್ರ ಊರ್ ಬಿಟ್ಟು ಓಡಿಹೋದ ಕತೀನೇ ಹೇಳ್ತಿದ್ದ." ದ್ವೇಷವಿಲ್ಲದ, ಅಸೂಯೆಯಿಲ್ಲದ ಮಾತು ಅದು. ತನಗೂ ಒಂದು ಬೇರೆ ನೆನಪಿದೆ, ಅದನ್ನೂ ಯಾರಾದರೂ ಕೇಳಲಿ ಎಂಬಷ್ಟೇ ಅದರ ಆಸೆ. ಪ್ರಸಾರ ಆ ನೆನಪಿಗೆ ಎರಡು ವಾಕ್ಯ ಕೊಟ್ಟರೆ ಮೈಸೂರಿನ ಹಿರಿಮೆಗೆ ಯಾವ ಕೊರತೆಯೂ ಆಗದು. ನೃಪತುಂಗನ ರಾಜಧಾನಿಯಾಗಿದ್ದ ಮಳಖೇಡ ಇದೇ ಜಿಲ್ಲೆಯಲ್ಲಿದೆ ಎಂಬುದೂ ಅಂಥ ಒಂದು ವಾಕ್ಯದಲ್ಲಿ ಬಂದುಹೋಗಬಹುದು.

ಇದಕ್ಕಿಂತ ದೊಡ್ಡ ಲೋಪ ಇನ್ನೊಂದಿದೆ. ಅಂಬಾರಿಯಲ್ಲಿ ಕೂತಿರುವುದು ಯಾರು? ಹಿಂದೆ ಮಹಾರಾಜರು ಕೂರುತ್ತಿದ್ದರು. ರಾಜಧನ ರದ್ದಾದದ್ದು 1971ರಲ್ಲಿ. ಮುಂದೆ ಸರ್ಕಾರ ದಸರೆಯನ್ನು ನಾಡಹಬ್ಬವಾಗಿ ವಹಿಸಿಕೊಂಡಿತು, ಅಂಬಾರಿಯಲ್ಲಿ ಚಾಮುಂಡೇಶ್ವರಿ ಬಂದು ಕೂತಳು. ಈಗ ಮತ ಪಡೆದು ಬಂದ ಮುಖ್ಯಮಂತ್ರಿ ಪುಷ್ಪಾರ್ಚನೆ ಮಾಡುತ್ತಾರೆ. ಅರಸ ಇಳಿದ, ದೇವಿ ಏರಿದಳು, ಪ್ರಜೆಗಳ ಪ್ರತಿನಿಧಿ ಹೂ ಹಾಕಿದ. ಇಡೀ ಆಚರಣೆಯಲ್ಲಿ ಇದಕ್ಕಿಂತ ಅರ್ಥವತ್ತಾದ ಘಟನೆ ಇಲ್ಲ. ಜೇವರ್ಗಿಯವರಿಗೆ ಈ ಹಬ್ಬ ತಮ್ಮದಾಗುವುದೂ ಇಲ್ಲೇ. ವಿವರಣೆ ಈ ಕ್ಷಣವನ್ನು ಶುಭಲಗ್ನದ ಗಳಿಗೆ ನಿಮಿಷಗಳಲ್ಲಿ ಮುಗಿಸಿ ಮತ್ತೆ ಗತವೈಭವಕ್ಕೆ ಓಡುತ್ತದೆ. ಪಡಸಾಲೆಯಲ್ಲಿ ಕೂತ ಮುದುಕಿಯರಿಗೆ ವಿವರಣೆಕಾರರಿಗಿಂತ ಹೆಚ್ಚು ತಿಳಿದಿದೆ ಎಂದು ನನಗೆ ಅನ್ನಿಸುವುದು ಆಗ. ಅಂಬಾರಿ ಪರದೆಯ ತುಂಬ ಕಂಡ ಕೂಡಲೇ ಅವರು ಸೆರಗು ತಲೆಯ ಮೇಲೆ ಎಳೆದುಕೊಂಡು, ಮಗ್ಗುಲಲ್ಲಿದ್ದ ಮೊಮ್ಮಕ್ಕಳ ಕೈ ಹಿಡಿದು ಜೋಡಿಸಿ, "ಕೈ ಮುಗೀರಿ, ಅವ್ವ ಬಂದಾಳ" ಎನ್ನುತ್ತಾರೆ. ಅವರ ನಮಸ್ಕಾರ ಚಿನ್ನಕ್ಕಲ್ಲ, ಅರಮನೆಗಲ್ಲ.

ಇದೇ ಮಾನದಂಡ ಹಿಡಿದು 2016ರ ಜೂನ್ 27ನ್ನು ನೆನೆಯಬೇಕು. ಯದುವೀರ ಕೃಷ್ಣದತ್ತ ಚಾಮರಾಜ ಒಡೆಯರ ಮದುವೆ ಡುಂಗರಪುರದ ತ್ರಿಷಿಕಾ ಕುಮಾರಿಯವರೊಂದಿಗೆ ಅರಮನೆಯಲ್ಲಿ ನಡೆದ ದಿನ ಅದು. ಹಿಂದಿನ ವರ್ಷ, 2015ರ ಮೇ 28ರಂದು, ಅವರ ಪಟ್ಟಾಭಿಷೇಕವಾಗಿತ್ತು. ಎರಡು ಸಲವೂ ಕನ್ನಡದ ಸುದ್ದಿ ವಾಹಿನಿಗಳು ದಿನವಿಡೀ ಅರಮನೆಯ ಬಾಗಿಲು ಕಾದವು. ಇಲ್ಲಿಯ ಹೆಣ್ಣುಮಕ್ಕಳು ಸೀರೆ, ಒಡವೆ, ಶಾಸ್ತ್ರಗಳನ್ನು ಆಸೆಯಿಂದ ನೋಡಿದರು. ನೋಡಬಾರದೇಕೆ? ಮದುವೆ ನೋಡುವ ಸಂತೋಷ ಎಲ್ಲರದು. ಆದರೆ ಅದು ಆರಿದ್ರ ಮಳೆಯ ದಿನ, ತೊಗರಿ ಬಿತ್ತುವ ಕಾಲ. ಹಿಂದಿನ ಹಂಗಾಮಿನ ಬರದಿಂದ ಈ ಜಿಲ್ಲೆ ಆಗಷ್ಟೇ ಮೇಲೇಳುತ್ತಿತ್ತು. ಒಂದು ಖಾಸಗಿ ಕುಟುಂಬದ ಮದುವೆಯನ್ನು ರಾಜ್ಯದ ಪ್ರಮುಖ ಸುದ್ದಿಯಾಗಿ ಇಡೀ ದಿನ ಎಳೆದದ್ದು ಅಳತೆ ಮೀರಿದ ಕೆಲಸ ಎಂದೇ ನನ್ನ ನಂಬಿಕೆ. ಸರ್ಕಾರದ ದಸರೆ ಬೇರೆ, ಅರಮನೆಯ ಖಾಸಗಿ ದರ್ಬಾರು ಬೇರೆ. ಇವೆರಡನ್ನೂ ಒಂದೇ ಉಸಿರಿನಲ್ಲಿ ಬೆರೆಸಿ ಹೇಳುವ ಅಭ್ಯಾಸ ವಾಹಿನಿಗಳಿಗೆ ಅಂಟಿಬಿಟ್ಟಿದೆ. 2024ರಿಂದ ಯದುವೀರರು ಮೈಸೂರು ಕೊಡಗು ಕ್ಷೇತ್ರದ ಸಂಸದರು. ಸಿಂಹಾಸನದ ಚಿತ್ರ ತೋರಿಸುವಾಗ ಈ ಮಾತನ್ನೂ ನೋಡುಗರಿಗೆ ಹೇಳುವುದು ಪತ್ರಕರ್ತರ ಕರ್ತವ್ಯ.

ಟಿವಿಯ ವಿಷಯದಲ್ಲಿ ಈ ಸೀಮೆ ಹೊಸತಲ್ಲ. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಅದಕ್ಕೂ ಮೊದಲೇ, 1975ರ ಆಗಸ್ಟ್‌ನಿಂದ ಒಂದು ವರ್ಷ, ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ಆರು ರಾಜ್ಯಗಳ 2,400 ಹಳ್ಳಿಗಳಲ್ಲಿ ಪ್ರಯೋಗ ನಡೆಯಿತು. ಕರ್ನಾಟಕದಿಂದ ಅದಕ್ಕೆ ಆರಿಸಿದ್ದು ಗುಲಬರ್ಗಾ (ಈಗಿನ ಕಲಬುರಗಿ), ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳನ್ನು. ಶಾಲೆಯಲ್ಲೋ ಪಂಚಾಯಿತಿಯಲ್ಲೋ ಊರಿಗೊಂದು ಪೆಟ್ಟಿಗೆ, ಸಂಜೆಯಾದರೆ ಅದರ ಮುಂದೆ ಇಡೀ ಊರು. ಬೇಸಾಯ, ಆರೋಗ್ಯ, ಮಕ್ಕಳ ಪಾಠ ಕನ್ನಡದಲ್ಲಿ ಬರುತ್ತಿದ್ದವು. 1977ರಲ್ಲಿ ಗುಲಬರ್ಗಾದಲ್ಲಿ ದೂರದರ್ಶನದ ಪ್ರಸಾರ ಕೇಂದ್ರವೇ ಆಯಿತು. ಕನ್ನಡ ನಾಡಿನಲ್ಲಿ ಟಿವಿ ಮೊದಲು ಮಾತಾಡಿಸಿದ್ದು ಈ ರೈತರನ್ನು, ಅವರ ಹೊಲದ ಬಗ್ಗೆ. ಅವರ ಬದುಕು ಪರದೆಯ ಮೇಲೆ ಬರಬೇಕೆಂದು ಬಯಸುವುದು ಅತಿಯಾಸೆ ಹೇಗಾದೀತು?

ಈ ಪ್ರಶ್ನೆ ನನ್ನನ್ನು ಗಾಢವಾಗಿ ಕಾಡಿದ್ದು ಎರಡು ದಸರೆಗಳಲ್ಲಿ. 2020ರ ಅಕ್ಟೋಬರ್‌ನಲ್ಲಿ ಉಜನಿ ಜಲಾಶಯದಿಂದ ಬಂದ ನೀರು ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜು ದಾಟಿ ಭೀಮೆಯ ದಂಡೆಯ ಹಳ್ಳಿಗಳನ್ನು ಮುಳುಗಿಸಿತು. ಅದೇ ತಿಂಗಳ 26ರಂದು, ಕೊರೊನಾ ಕಾರಣಕ್ಕೆ, ಜಂಬೂಸವಾರಿ ಅರಮನೆಯ ಆವರಣದೊಳಗೇ ಮುಗಿಯಿತು. 2025ರ ದಸರೆ ಸೆಪ್ಟೆಂಬರ್ 22ರಂದು ಕತೆಗಾರ್ತಿ ಬಾನು ಮುಷ್ತಾಕ್ ಅವರ ಕೈಯಿಂದ ಉದ್ಘಾಟನೆಯಾಯಿತು. ಅದಕ್ಕೆ ಮುಂಚಿನ ವಾರಗಳಲ್ಲಿ ಮುಸ್ಲಿಮರಾದ ಅವರು ಉದ್ಘಾಟಿಸಬಹುದೇ ಎಂದು ವಾಹಿನಿಗಳು ಚರ್ಚಿಸಿದವು, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಿ ಅರ್ಜಿ ವಜಾ ಆಯಿತು. ಆಳಂದದ ಲಾಡ್ಲೆ ಮಶಾಕರ ದರ್ಗಾಕ್ಕೂ ಗಾಣಗಾಪುರದ ದತ್ತನ ಗುಡಿಗೂ ನಡೆದುಕೊಳ್ಳುವ ಮನೆಗಳು ಇಲ್ಲಿ ಇವತ್ತಿಗೂ ಇವೆ. ಅಂಥ ಮನೆಗಳಲ್ಲಿ ಆ ಚರ್ಚೆ ಕೇಳಿ ನೊಂದವರಿದ್ದರು. ಕನ್ನಡದ ಕತೆಗಾರ್ತಿಯೊಬ್ಬರು ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ತಂದ ವರ್ಷ ಹೆಮ್ಮೆಪಡಲು ಇಷ್ಟು ಗಲಾಟೆ ಏಕೆ ಬೇಕಿತ್ತು?

ಆ ದಸರೆಯ ದಿನಗಳಲ್ಲೇ ಭೀಮೆ ಮತ್ತೆ ಉಕ್ಕಿದಳು. ಅಫಜಲಪುರ, ಜೇವರ್ಗಿಯ ನದಿದಂಡೆಯ ಹೊಲಗಳಲ್ಲಿ ತೊಗರಿ, ಹತ್ತಿ, ಕಬ್ಬು ನೀರಿನಡಿ ನಿಂತವು. ಘಟಸ್ಥಾಪನೆ ಮಾಡಿ ದೀಪ ಹಚ್ಚಿದ್ದ ಮನೆಗಳನ್ನು ಬಿಟ್ಟು ಜನ ಕಾಳಜಿ ಕೇಂದ್ರಗಳಿಗೆ ಹೋದರು. ಸೆಪ್ಟೆಂಬರ್ 30ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವೈಮಾನಿಕ ಸಮೀಕ್ಷೆ ಮಾಡಿ, ಹೆಕ್ಟೇರಿಗೆ 8,500 ರೂಪಾಯಿ ಹೆಚ್ಚುವರಿ ಪರಿಹಾರ ಘೋಷಿಸಿದರು. ಎರಡು ದಿನ ಕಳೆದು ಅಕ್ಟೋಬರ್ 2ರಂದು ಅವರೇ ಅರಮನೆಯ ಮುಂದೆ ಅಂಬಾರಿಗೆ ಹೂ ಹಾಕಿದರು. ಇದನ್ನು ತಪ್ಪೆನ್ನಲಾರೆ. ಹಬ್ಬ ನಿಲ್ಲಿಸಿ ಎಂದು ನನ್ನ ಬಳಿ ಯಾರೂ ಹೇಳಲಿಲ್ಲ. "ಅವ್ವನ ಹಬ್ಬ ನಿಲ್ಲಬಾರದ್ರಿ. ಆದ್ರ ಅಷ್ಟೊತ್ತು ಮಾತಾಡ್ತಾರಲ್ಲ, ಭೀಮಾ ದಂಡಿ ಮಂದಿಗೆ ಛಲೋ ಆಗ್ಲಿ ಅಂತ ಒಂದ್ ಮಾತು ಅಂದ್ರ ಏನ್ ಹೋಗ್ತದ?" ಎಂದು ಕೇಳಿದವರು ನದಿಗೆ ಬೆಳೆ ಕೊಟ್ಟ ರೈತರು. ನಾಡಹಬ್ಬದ ವಿವರಣೆಗೆ ಇದಕ್ಕಿಂತ ನ್ಯಾಯವಾದ ವಿಮರ್ಶೆಯನ್ನು ನಾನು ಕೇಳಿಲ್ಲ. ನಾಡಿನ ಒಂದು ಮೂಲೆ ಮುಳುಗಿರುವಾಗ ನಾಡಿನ ಹೆಸರಿನಲ್ಲಿ ಮಾತಾಡುವವರು ಆ ಮೂಲೆಯ ಹೆಸರು ಹಿಡಿದು ಹಾರೈಸಬೇಕು.

ಮೆರವಣಿಗೆಯಲ್ಲಿ ಈ ಜಿಲ್ಲೆಗೆ ಸಿಗುವ ಜಾಗ ಸ್ತಬ್ಧಚಿತ್ರ. ಪ್ರತಿ ಜಿಲ್ಲೆಯದೂ ಬರುತ್ತದೆ. ಅದು ಬರುವ ಗಳಿಗೆಗೆ ಇಲ್ಲಿಯ ಮನೆಗಳಲ್ಲಿ ಒಳಗಿದ್ದವರನ್ನೂ ಕೂಗಿ ಕರೆಯುತ್ತಾರೆ: "ನಮ್ಮ ಕಲಬುರಗಿದು ಬಂತು, ಲಗೂ ಬರ್ರಿ!" ಹೂರಣದ ಕೈಯಲ್ಲೇ ಓಡಿಬಂದ ಹೆಂಗಸು ಬಾಗಿಲಲ್ಲಿ ನಿಲ್ಲುವಷ್ಟರಲ್ಲಿ ಬಂಡಿ ಪರದೆಯಿಂದ ಸರಿದು ಹೋಗಿರುತ್ತದೆ. ಜಿಲ್ಲೆಯ ಹೆಸರು, ವಿಷಯದ ಹೆಸರು, ಮುಂದಿನದು. ತಯಾರಿಸಿದ ಕಲಾವಿದರು ಯಾರು, ಜೊತೆಗೆ ಕುಣಿಯುತ್ತ ಬಂದ ತಂಡ ಯಾವ ಊರಿನದು, ಕೇಳಬೇಡಿ. ಪಕ್ಕದಲ್ಲೇ ಸಾಗುವ ಜಾನಪದ ತಂಡದ ಕಲಾವಿದನೊಬ್ಬನಿಗೆ ಅರ್ಧ ನಿಮಿಷ ಮೈಕು ಹಿಡಿಯುವುದು ಯಾವ ವಾಹಿನಿಗೂ ಭಾರವಲ್ಲ. ಅವನ ಬಾಯಿಂದ ಕಲಬುರಗಿಯ ಕನ್ನಡ ಹಾಗೇ ಬರಲಿ. ಮೈಸೂರಿನ ಕಿವಿಗಳೂ ವರ್ಷಕ್ಕೊಂದು ದಿನ ಅದನ್ನು ಕೇಳಲಿ.

ಸಂಜೆ ಬನ್ನಿಮಂಟಪದಲ್ಲಿ ಪಂಜಿನ ಕವಾಯತು ಶುರುವಾಗುವ ಹೊತ್ತಿಗೆ ಇಲ್ಲಿ ಟಿವಿಯ ಮುಂದೆ ಯಾರೂ ಇರುವುದಿಲ್ಲ. ಎಲ್ಲರೂ ಊರ ಹೊರಗಿನ ಬನ್ನಿ ಗಿಡಕ್ಕೆ ಹೋಗಿರುತ್ತಾರೆ. ಎಲೆ ತಂದು ಹಿರಿಯರ ಕೈಗಿಟ್ಟು, ಕಾಲು ಮುಟ್ಟಿ, "ಬನ್ನಿ ತಗೊಂಡು ಬಂಗಾರದಂಗ ಇರೂನು" ಎನ್ನುತ್ತಾರೆ. ಸಿಟ್ಟಾಗಿ ಮಾತು ಬಿಟ್ಟವರೂ ಆ ಸಂಜೆ ಒಬ್ಬರ ಮನೆಗೊಬ್ಬರು ಹೋಗುತ್ತಾರೆ. ಮೈಸೂರಿನ ಮೆರವಣಿಗೆ ಹೊರಟದ್ದೂ ಇದೇ ಗಿಡಕ್ಕೆ. ಇದಾದ ಮೇಲೂ ಆಳಂದದ ಹಬ್ಬ ಮುಗಿಯುವುದಿಲ್ಲ. ಸೀಗಿ ಹುಣ್ಣಿಮೆಗೆ ತುಳಜಾಪುರದ ಅಂಬಾಭವಾನಿಯ ದರ್ಶನಕ್ಕೆಂದು ಕಲಬುರಗಿ ಕಡೆಯಿಂದ ಜನ ಆಳಂದದ ದಾರಿ ಹಿಡಿದು, ಗಡಿ ದಾಟಿ, ಹಗಲೂ ರಾತ್ರಿ ನಡೆಯುತ್ತಾರೆ. ಬರಿಗಾಲಿನ ಹೆಂಗಸರು, ಹೆಗಲ ಮೇಲೆ ಕೂಸು ಹೊತ್ತ ಗಂಡಸರು. ರಸ್ತೆಯುದ್ದಕ್ಕೂ ಊರವರು ಚಹಾ, ಬಾಳೆಹಣ್ಣು, ಉಪ್ಪಿಟ್ಟು ಕೊಡುತ್ತಾರೆ, ಗುಳ್ಳೆ ಎದ್ದ ಕಾಲಿಗೆ ಔಷಧ ಹಚ್ಚುತ್ತಾರೆ. ರಾಜನಿಲ್ಲದ, ಆನೆಯಿಲ್ಲದ, ಚಿನ್ನವಿಲ್ಲದ ದಸರಾ ಮೆರವಣಿಗೆ ಇದು. ಜಂಬೂಸವಾರಿ ಮುಗಿದ ಮೇಲೆ ಚಂದನ ವಾಹಿನಿ ಒಂದೇ ಒಂದು ಕ್ಯಾಮೆರಾ ತಂಡವನ್ನು ಈ ರಸ್ತೆಗೆ ಕಳಿಸಲಿ, ಹುಣ್ಣಿಮೆಯ ಹಿಂದಿನ ರಾತ್ರಿ ಒಂದು ಗಂಟೆ ನೇರಪ್ರಸಾರ ಮಾಡಲಿ. ಮೈಸೂರಿನ ಮನೆಗಳಲ್ಲಿ ಟಿವಿ ಹಚ್ಚಿಕೊಂಡು ಕೂರುವ ಸರದಿ ಆಗ ಅಲ್ಲಿಯವರದು.