ಬೋನು, ಪಂಜರ, ಗೂಡು: ಹ್ಯಾಮ್‌ಸ್ಟರಿನ ಮನೆಯ ಒಂದು ವಿಮರ್ಶೆ

ಪುಸ್ತಕ, ನಾಟಕ, ಸಂಗೀತ ಕಚೇರಿಗಳನ್ನು ವಿಮರ್ಶಿಸುವ ಪುಟದಲ್ಲಿ ಇಲಿಯ ಬಳಗದ ಪ್ರಾಣಿಯೊಂದರ ಪಂಜರಕ್ಕೆ ಜಾಗ ಕೊಟ್ಟಿರುವುದನ್ನು ಕಂಡು ಕೆಲವರು ಹುಬ್ಬೇರಿಸಬಹುದು. ಆದರೆ ಅಹಮದಾಬಾದ್, ವಡೋದರಾ, ಸೂರತ್ ಮೂರೂ ಊರುಗಳ ನಮ್ಮ ಮನೆಗಳ ಸ್ಥಿತಿ ಓದುಗರಿಗೆ ಗೊತ್ತೇ ಇದೆ. ನಾಯಿ ಸಾಕೋಣವೆಂದರೆ ಫ್ಲ್ಯಾಟಿನಲ್ಲಿ ಸ್ಥಳವಿಲ್ಲ. ನಮ್ಮ ನಾಡಿನ ಗಿಳಿಯನ್ನು ಸಾಕಲು ಕಾನೂನು ಬಿಡುವುದಿಲ್ಲ. ಮಕ್ಕಳ ಹಟ ಕೊನೆಗೆ ಬಂದು ನಿಲ್ಲುವುದು ಅಂಗೈಯಲ್ಲಿ ಹಿಡಿಸುವ ಹ್ಯಾಮ್‌ಸ್ಟರಿನ ಮೇಲೆ. ಹುಟ್ಟುಹಬ್ಬದ ಸಂಜೆ ಪ್ರಾಣಿಯೂ ಬಣ್ಣದ ಪಂಜರವೂ ಒಟ್ಟಿಗೆ ಮನೆಗೆ ಬರುತ್ತವೆ. ಪ್ರಾಣಿಯನ್ನು ಆರಿಸಲು ಒಂದು ಗಂಟೆ ತೆಗೆದುಕೊಂಡವರು ಪಂಜರವನ್ನು ಆರಿಸಲು ಐದು ನಿಮಿಷವನ್ನೂ ಕೊಟ್ಟಿರುವುದಿಲ್ಲ. ಎರಡು, ಮೂರು ವರ್ಷಗಳ ಅದರ ಆಯುಸ್ಸು ಪೂರ್ತಿ ಕಳೆಯಬೇಕಾದದ್ದು ಅದೇ ಪಂಜರದೊಳಗೆ. ಆದ್ದರಿಂದ ಆ ಪಂಜರವನ್ನು ವಿಮರ್ಶೆಗೆ ಒಳಪಡಿಸುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.

ಯಾವ ಕೃತಿಯನ್ನೇ ಆಗಲಿ, ಅದು ಯಾರಿಗಾಗಿ ರಚಿತವಾಯಿತೆಂದು ಮೊದಲು ಕೇಳುವುದು ವಾಡಿಕೆ. ಇಲ್ಲಿ ಮನೆ ಬೇಕಾಗಿರುವ ಜೀವ ಸಿರಿಯಾ ದೇಶದ ಅಲೆಪ್ಪೊ ಬಯಲಿನದು. 1930ರಲ್ಲಿ ಇಸ್ರೇಲ್ ಅಹರೋನಿ ಎಂಬ ಪ್ರಾಣಿಶಾಸ್ತ್ರಜ್ಞರು ಅಲ್ಲಿನ ಹೊಲವೊಂದನ್ನು ಅಗೆಸಿ ಒಂದು ತಾಯಿಯನ್ನೂ ಹನ್ನೊಂದು ಮರಿಗಳನ್ನೂ ಪಡೆದರು. ಅವುಗಳಲ್ಲಿ ಉಳಿದ ಕೆಲವು ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದಲ್ಲಿ ಸಂತಾನ ಬೆಳೆಸಿದವು. ಇಂದು ಜಗತ್ತಿನ ಮನೆಮನೆಗಳಲ್ಲಿರುವ ಸಿರಿಯನ್ ಹ್ಯಾಮ್‌ಸ್ಟರುಗಳಲ್ಲಿ ಬಹುಪಾಲು ಆ ಒಂದೇ ಸಂಸಾರದ ಕುಡಿಗಳು. ಬಹುಕಾಲದ ಮೇಲೆ ಜರ್ಮನ್ ಸಂಶೋಧಕರು ಅಲೆಪ್ಪೊ ಸಮೀಪದ ಬಿಲಗಳನ್ನು ಅಳೆದಾಗ ಅವು 36ರಿಂದ 106 ಸೆಂ.ಮೀ. ಆಳಕ್ಕೆ ಇಳಿದಿದ್ದವು, ಒಂದು ಬಿಲಕ್ಕೆ ವಯಸ್ಸಿಗೆ ಬಂದ ಒಂದೇ ಪ್ರಾಣಿ. ಅಂದರೆ ಇದು ಅಗೆಯುವ ಜೀವ, ಒಂಟಿಯಾಗಿರುವ ಜೀವ, ಕೆನ್ನೆಚೀಲದಲ್ಲಿ ಕಾಳು ಹೊತ್ತು ನೆಲದಡಿ ಕೂಡಿಡುವ ಜೀವ. ಮನೆಗಳಲ್ಲಿ ಅದು ಓಡಾಡುವುದು ಹೆಚ್ಚಾಗಿ ರಾತ್ರಿ. 'ಒಂಟಿಯಾದರೆ ಬೇಸರವಾಗುತ್ತದೆ' ಎಂದು ಎರಡನ್ನು ಒಂದೇ ಕಡೆ ಇಡುವವರುಂಟು. ಕಾದಾಡಿ ಒಂದು ಸತ್ತಾಗಲಷ್ಟೇ ಅವರಿಗೆ ಅರಿವಾಗುತ್ತದೆ.

ಈಗ ಅಂಗಡಿಯ ಪಂಜರವನ್ನು ನೋಡೋಣ. ಗುಲಾಬಿ ಅಥವಾ ನೀಲಿ ಪ್ಲಾಸ್ಟಿಕ್ಕಿನ ತಳ, ಸುತ್ತ ತಂತಿ, ಎರಡು ಮೂರು ಅಂತಸ್ತು, ಏಣಿ, ಬಳಸಿ ಹೋಗುವ ಕೊಳವೆ, ಅಂಗೈಯಷ್ಟು ಚಕ್ರ. ನೋಡುವ ಕಣ್ಣಿಗೆ ಅದೊಂದು ಅರಮನೆ. ಟೇಪು ಹಿಡಿದು ಅಳೆದರೆ ಬಣ್ಣ ಬಯಲಾಗುತ್ತದೆ. ಒಂದು ಅಡಿ ಉದ್ದ, ಮುಕ್ಕಾಲು ಅಡಿ ಅಗಲದ ತಳವೆಂದರೆ ಸುಮಾರು 700 ಚದರ ಸೆಂ.ಮೀ. ಜರ್ಮನಿಯ ಪ್ರಾಣಿಹಿತ ಪಶುವೈದ್ಯರ ಸಂಘ ಈ ಪ್ರಾಣಿಗೆ ಕನಿಷ್ಠವೆಂದು ಹೇಳುವುದು 100 ಸೆಂ.ಮೀ. ಉದ್ದ, 50 ಸೆಂ.ಮೀ. ಅಗಲ, 50 ಸೆಂ.ಮೀ. ಎತ್ತರ, ತಳವಷ್ಟೇ 5,000 ಚದರ ಸೆಂ.ಮೀ. ಆಯಿತು. ನಾವು ಕೊಂಡು ತರುವುದು ಅದರ ಏಳನೆಯ ಒಂದು ಪಾಲು. ಅಂತಸ್ತುಗಳನ್ನು ಕೂಡಿಸಿ ಲೆಕ್ಕ ಸರಿಮಾಡುವುದು ಜಾಣತನವೆನಿಸದು. ಹ್ಯಾಮ್‌ಸ್ಟರಿನ ದೃಷ್ಟಿ ಮಂದ, ಎತ್ತರದ ಅಂದಾಜು ಅದಕ್ಕಿಲ್ಲ. ಮೇಲಿನಿಂದ ಬಿದ್ದು ಕಾಲು ಮುರಿದುಕೊಳ್ಳುತ್ತದೆ. ಚಿಕ್ಕ ಚಕ್ರದಲ್ಲಿ ಓಡುವಾಗ ಬೆನ್ನು ಬಿಲ್ಲಿನಂತೆ ಬಾಗುತ್ತದೆ. ಸಿರಿಯನ್ ತಳಿಗೆ 28 ಸೆಂ.ಮೀ.ನಷ್ಟು ಅಡ್ಡಳತೆಯ, ಕಾಲು ಸಿಕ್ಕದಂತೆ ತಟ್ಟೆ ಮುಚ್ಚಿರುವ ಚಕ್ರ ಬೇಕು. ತಂತಿಗಳ ನಡುವಿನ ಸಂದು ಒಂದು ಸೆಂ.ಮೀ. ಮೀರಬಾರದು.

'ಪಾಪ, ರಾತ್ರಿಯೆಲ್ಲ ಕಂಬಿ ಕಡಿಯುತ್ತಿರುತ್ತದೆ, ಆಟದ ಸ್ವಭಾವ' ಎಂದು ಹೇಳುವವರನ್ನು ನಾವು ಕೇಳಿದ್ದೇವೆ. ಅದು ಆಟವಲ್ಲ. ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದವರು 1,800ರಿಂದ 10,000 ಚದರ ಸೆಂ.ಮೀ.ವರೆಗಿನ ನಾಲ್ಕು ಅಳತೆಯ ಪಂಜರಗಳಲ್ಲಿ ಇವನ್ನಿಟ್ಟು ನೋಡಿ, ಚಿಕ್ಕ ಪಂಜರದಲ್ಲಿ ಕಂಬಿ ಕಡಿಯುವುದು ಹೆಚ್ಚೆಂದು 2007ರಲ್ಲಿ ಪ್ರಕಟಿಸಿದರು. ಅದಕ್ಕೂ ಮುಂಚೆ, 2006ರಲ್ಲಿ, ಹಾಸಿನ ಆಳವನ್ನು 10, 40, 80 ಸೆಂ.ಮೀ. ಮಾಡಿ ಪರೀಕ್ಷಿಸಿದ್ದರು. ಹತ್ತರಲ್ಲಿ ಕಡಿತ ಹೆಚ್ಚು. ಎಂಬತ್ತರಲ್ಲಿ ಕಂಬಿಗೆ ಹಲ್ಲೇ ತಾಗಲಿಲ್ಲ. ಬಿಲ ತೋಡಲು ನೆಲ ಸಿಕ್ಕಿದ ಪ್ರಾಣಿ ಕಂಬಿಯ ತಂಟೆಗೆ ಹೋಗಲಿಲ್ಲ. ಅಂಗಡಿಯ ಪಂಜರದ ತಟ್ಟೆಯಲ್ಲಿ ಎರಡು ಬೆರಳು ಹಾಸು ಹಾಕುವುದೂ ಕಷ್ಟ. ನಮ್ಮ ಭಾಷೆಯಲ್ಲಿ ಹಿಡಿದುಹಾಕುವ ಸಾಧನಕ್ಕೆ ಬೋನು ಎನ್ನುತ್ತೇವೆ. ಬಣ್ಣ ಎಷ್ಟಿದ್ದರೂ ಇದು ಬೋನೇ.

ಇದನ್ನು ಬಲ್ಲ ಕೆಲವರು ಹಳೆಯ ಮೀನಿನ ಗಾಜಿನ ತೊಟ್ಟಿಗೆ ಮೊರೆಹೋಗುತ್ತಾರೆ. ಹಾಸು ಆಳವಾಗಿ ತುಂಬಬಹುದು, ಕಡಿಯಲು ಕಂಬಿಯಿಲ್ಲ, ಮಕ್ಕಳಿಗೆ ಒಳಗಿನದು ಚೆನ್ನಾಗಿ ಕಾಣುತ್ತದೆ. ಚಳಿದೇಶದಲ್ಲಿ ಇದು ಒಳ್ಳೆಯ ಆಯ್ಕೆಯೇ. ಆದರೆ ನಾವಿರುವ ಸೀಮೆ ಯಾವುದು? 2016ರ ಮೇ 20ರಂದು ಅಹಮದಾಬಾದಿನಲ್ಲಿ ಉಷ್ಣಮಾನ 48 ಡಿಗ್ರಿ ಮುಟ್ಟಿತು. 2010ರ ಬಿಸಿಗಾಳಿಯ ಸಾವುಗಳ ತರುವಾಯ 2013ರಲ್ಲಿ ಇಲ್ಲಿನ ನಗರಪಾಲಿಕೆ ಬೇಸಿಗೆಗೆಂದೇ ಒಂದು ಕಾರ್ಯಯೋಜನೆ ರೂಪಿಸಬೇಕಾಯಿತು. ಮನುಷ್ಯರಿಗೇ ಹೀಗಿರುವಾಗ, ಮೈ ಬೆವರದ, ಇಪ್ಪತ್ತರಿಂದ ಇಪ್ಪತ್ತನಾಲ್ಕು ಡಿಗ್ರಿಯಲ್ಲಿ ಹಾಯಾಗಿರುವ ಈ ಪುಟ್ಟ ಜೀವ ಗಾಜಿನ ನಾಲ್ಕು ಗೋಡೆಯ ನಡುವೆ, ಗಾಳಿಯಾಡದೆ, ಮೇ ತಿಂಗಳ ಮಧ್ಯಾಹ್ನವನ್ನು ಹೇಗೆ ಕಳೆದೀತು? ಎತ್ತರ ಕಡಿಮೆಯಿದ್ದು, ಮೇಲ್ಭಾಗ ಪೂರ್ತಿ ಜಾಲರಿಯಾಗಿದ್ದು, ಮನೆಯ ಒಳಕೋಣೆಯಲ್ಲಿದ್ದರೆ ಮಾತ್ರ ಗಾಜನ್ನು ಒಪ್ಪಬಹುದು. ಬಾಲ್ಕನಿಗಂತೂ ಯಾವ ಪಂಜರವೂ ಸಲ್ಲದು.

ನಾವು ಶಿಫಾರಸು ಮಾಡುವುದು ಮೂರನೆಯ ಬಗೆಯನ್ನು: ಬಡಗಿಯ ಕೈಯಲ್ಲಿ ಮಾಡಿಸಿದ ಪ್ಲೈವುಡ್ ಪೆಟ್ಟಿಗೆ, ಅಥವಾ ಹಳೆಯ ಕಪಾಟನ್ನೇ ಅಡ್ಡ ಮಲಗಿಸಿ ಮಾಡಿಕೊಂಡದ್ದು. ಅಹಮದಾಬಾದಿನವರಿಗೆ ಸಾಬರಮತಿ ದಂಡೆಯ ಭಾನುವಾರದ ಗುಜರಿ ಬಜಾರು ಇದ್ದೇ ಇದೆ. ಹಳೆಯ ಮರದ ಸಾಮಾನು ಅಲ್ಲಿ ಬೇಕಾದಷ್ಟು. ಒಂದು ಮೀಟರ್ ಉದ್ದ, ಅರ್ಧ ಮೀಟರ್ ಅಗಲ. ಮುಂಭಾಗಕ್ಕೆ ಗಾಜು, ಮೇಲೂ ಎರಡು ಪಕ್ಕಕ್ಕೂ ಸಣ್ಣ ಕಣ್ಣಿನ ಜಾಲರಿ, ಹಲ್ಲು ತಾಗುವ ಅಂಚುಗಳಿಗೆ ತಗಡಿನ ಪಟ್ಟಿ. ತಳದ ಮರ ಮೂತ್ರ ಹೀರದಂತೆ ಮೋರಬಿಯ ಟೈಲ್ಸ್ ಹಾಸಿದರೆ ತಂಪೂ ಆಯಿತು, ತೊಳೆಯುವುದೂ ಸುಲಭ. ಒಂದು ಬದಿಗೆ 25, 30 ಸೆಂ.ಮೀ. ಆಳದ ಹಾಸು, ಇನ್ನೊಂದು ಬದಿಗೆ ಚಕ್ರ. ಮೂಲೆಯಲ್ಲಿ ಅಡ್ಡ ಮಲಗಿಸಿದ ಮಣ್ಣಿನ ಕುಡಿಕೆಯೊಂದು ಇದ್ದರೆ ಬಿಸಿಲುಕಾಲದ ಮಧ್ಯಾಹ್ನ ಪ್ರಾಣಿ ಅದರೊಳಗೆ ಒರಗಿರುತ್ತದೆ. ನೋಡಲು ಇದು ಸಾಧಾರಣ ಪೆಟ್ಟಿಗೆ. ಅದರ ಗುಣ ತಿಳಿಯುವುದು ರಾತ್ರಿ ಹತ್ತರ ಮೇಲೆ, ಹಾಸು ಅಲುಗಾಡತೊಡಗಿದಾಗ.

ಹಾಸಿನ ವಿಷಯದಲ್ಲಿ ಸೂರತ್ತಿನ ಓದುಗರಿಗೆ ಒಂದು ವಿಶೇಷ ಸೂಚನೆ. ಬಟ್ಟೆಯ ಊರಿನಲ್ಲಿ ಚಿಂದಿಗೆ ಬರವಿಲ್ಲ. ಅದನ್ನೇ ತುಂಬುವ ಆಸೆಯಾಗುವುದು ಸಹಜ. ದಯವಿಟ್ಟು ಬೇಡ. ಬಿಚ್ಚಿದ ನೂಲೆಳೆ ಕಾಲಿಗೆ ಸುತ್ತಿಕೊಂಡರೆ ರಕ್ತಸಂಚಾರವೇ ನಿಲ್ಲುತ್ತದೆ. ಅಂಗಡಿಯಲ್ಲಿ ಹಾಸಿಗೆಯೆಂದು ಕೊಡುವ ಹತ್ತಿಯದೂ ಅದೇ ಕಥೆ. ಕೆನ್ನೆಚೀಲದಲ್ಲಿ ಸಿಕ್ಕಿಕೊಳ್ಳುವ ಅಪಾಯ ಬೇರೆ. ಪರಿಮಳವಿಲ್ಲದ ಬಿಳಿ ಕಾಗದದ ಚೂರು, ಒಣಹುಲ್ಲು ಸಾಕು. ಘಮಘಮಿಸುವ ದೇವದಾರು ಮುಂತಾದ ಮರದ ಹೊಟ್ಟು ಅದರ ಉಸಿರಿಗೆ ಕೇಡು.

ಇನ್ನು ಎಲ್ಲರೂ ಮರೆಯುವ ಒಂದು ಮಾತು. ಪಂಜರ ಪ್ರಾಣಿಗೆ ಸರಿಹೊಂದಿದರಷ್ಟೇ ಸಾಲದು, ಸಾಕುವ ಕೈಗೂ ಎಟಕಬೇಕು. ಮಕ್ಕಳು ಶಾಲೆಗೆ, ದಂಪತಿಗಳು ಕೆಲಸಕ್ಕೆ ಹೋದಮೇಲೆ ನೀರು ಬದಲಿಸುವವರು ಯಾರು? ಊರಿನಿಂದ ಬಂದಿರುವ ಅಜ್ಜ ಅಥವಾ ಅಜ್ಜಿ. ಅಂಗಡಿಯ ಪಂಜರದ ಬಾಗಿಲು ದೊಡ್ಡವರ ಮುಷ್ಟಿ ಹೋಗದಷ್ಟು ಕಿರಿದು. ಚಿಲಕ ಎರಡೂ ಹೆಬ್ಬೆರಳ ಬಲ ಕೇಳುತ್ತದೆ. ಸ್ವಚ್ಛಮಾಡಲು ನೆಲದ ಮೇಲೆ ಕುಕ್ಕರಿಸಬೇಕು. ಸಂಧಿವಾತದ ಬೆರಳಿಗೆ, ಮಂಡಿನೋವಿನವರಿಗೆ, ಗಾಲಿಕುರ್ಚಿಯಲ್ಲಿರುವ ಮಗುವಿಗೆ ಅದು ಮುಚ್ಚಿದ ಬಾಗಿಲೇ. ಪೆಟ್ಟಿಗೆಯನ್ನು ಅಲುಗದ ಮೇಜಿನ ಮೇಲಿಟ್ಟು, ಕೆಳಗೆ ಮಂಡಿಗೆ ಜಾಗ ಬಿಟ್ಟು, ಮುಂಭಾಗದಲ್ಲೇ ಅಗಲವಾದ ಬಾಗಿಲು ಇಡಿಸಬೇಕು. ಆ ಬಾಗಿಲು ಹಾಸಿನ ಮಟ್ಟಕ್ಕಿಂತ ಮೇಲೆ ಆರಂಭವಾಗಬೇಕು, ಇಲ್ಲವಾದರೆ ತೆರೆದೊಡನೆ ಹಾಸೆಲ್ಲ ಮಡಿಲಿಗೆ. ಮುಂದಿನಿಂದ ಬರುವ ಕೈಗೆ ಇನ್ನೊಂದು ಗುಣವೂ ಉಂಟು: ಮೇಲಿನಿಂದ ಇಳಿಯುವ ಕೈ ಈ ಪ್ರಾಣಿಗೆ ಹದ್ದಿನಂತೆ ಭಾಸವಾಗುತ್ತದೆ, ಅದು ಕಚ್ಚುವುದು ಅದಕ್ಕೇ.

ಬೇಸಿಗೆ ರಜೆಯಲ್ಲಿ ನಾವೆಲ್ಲ ಊರಿಗೆ ಹೊರಡುತ್ತೇವೆ. ಒಂದು ದಿನಕ್ಕೂ ಮೀರಿದ ರೈಲುಪ್ರಯಾಣವನ್ನು, ಅದೂ ಮೇ ತಿಂಗಳಲ್ಲಿ, ಹ್ಯಾಮ್‌ಸ್ಟರಿನ ಮೇಲೆ ಹೇರಲಾಗದು. ಆಗ ಬೀಗದ ಕೈ ಪಕ್ಕದ ಮನೆಯ ಬೆನ್ ಅವರ ಕೈಗೆ ಹೋಗುತ್ತದೆ. ಇಲಿಯೆಂದರೆ ಹಿಂಜರಿಯುವ ಆ ತಾಯಿ ಪ್ರಾಣಿಯನ್ನು ಮುಟ್ಟದೆಯೇ ಹೊರಗಿನಿಂದ ನೀರಿನ ಶೀಸೆ ಬದಲಿಸಿ, ಬಾಗಿಲಿನ ಪಕ್ಕದ ಬಟ್ಟಲಿಗೆ ಕಾಳು ಹಾಕುವಂತಿರಬೇಕು. ಹೀಗೆ ನೆರೆಯವರ ಕೈಗೂ ಒಗ್ಗುವ ಪಂಜರವೇ ವಲಸೆ ಬಂದ ಮನೆಗೆ ತಕ್ಕದ್ದು.

ಹಿರಿಯರ ಆಕ್ಷೇಪವನ್ನೂ ಕಡೆಗಣಿಸುವಂತಿಲ್ಲ. 'ಊರಲ್ಲಿ ಬೋನಿಟ್ಟು ಹಿಡಿಯುತ್ತಿದ್ದುದನ್ನು ಇಲ್ಲಿ ದುಡ್ಡು ಕೊಟ್ಟು ತರುವುದೇ?' ಎಂಬ ಪ್ರಶ್ನೆ ಸೂರತ್ತಿನಲ್ಲಿ ಇನ್ನೂ ಗಟ್ಟಿಯಾಗಿ ಕೇಳುತ್ತದೆ. 1994ರ ಸೆಪ್ಟೆಂಬರಿನ ಪ್ಲೇಗಿನ ನೆನಪು ಅಲ್ಲಿ ಅಳಿದಿಲ್ಲ. ಸಾಕಿದ ಹ್ಯಾಮ್‌ಸ್ಟರನ್ನು ಬೀದಿಯ ಹೆಗ್ಗಣದೊಡನೆ ಹೋಲಿಸುವುದು ಸರಿಯಲ್ಲವಾದರೂ ಅವರ ಭಯದಲ್ಲಿ ಒಂದು ವಿವೇಕವಿದೆ. ತಪ್ಪಿಸಿಕೊಳ್ಳಲಾಗದ ಜಾಲರಿ, ದಿನವೂ ತೆಗೆಯುವ ಒದ್ದೆ ಹಾಸು, ಮುಟ್ಟಿದ ಮೇಲೆ ಸಾಬೂನಿನಿಂದ ಕೈತೊಳೆಯುವ ಅಭ್ಯಾಸ ಇವು ಅವರಿಗೆ ನಾವು ಕೊಡಬೇಕಾದ ಉತ್ತರ.

ನಾವು ಬಂದು ನೆಲೆಸಿದ ಈ ನಾಡಿಗೆ ಪಂಜರದ ವಿಷಯ ಹೊಸದೇನೂ ಅಲ್ಲ. ನಮ್ಮ ಪಂಜರವೇ ಗುಜರಾತಿಯಲ್ಲಿ ಪಾಂಜರು. ಅದರಿಂದಲೇ ಮುದಿ ಹಸು, ರೋಗಿ ಪ್ರಾಣಿಗಳನ್ನು ಕಾಯುವ ಪಾಂಜರಾಪೋಳ ಎಂಬ ಹೆಸರು. ಅಹಮದಾಬಾದಿನ ಹಳೆಯ ಪೋಳಗಳಲ್ಲಿ ಹಕ್ಕಿಗಳಿಗೆಂದು ಕಟ್ಟಿದ ಚಬೂತರಗಳನ್ನು ಓದುಗರು ಕಂಡಿರುತ್ತಾರೆ: ಕೆತ್ತನೆಯ ಕಂಬದ ಮೇಲೆ ಕಾಳಿನ ತಟ್ಟೆ, ಸುತ್ತ ಬಯಲು, ಬಾಗಿಲೇ ಇಲ್ಲ. ಇದೇ ರಾಜ್ಯದ ಹೈಕೋರ್ಟು 2011ರಲ್ಲಿ, ಹಕ್ಕಿಗಳನ್ನು ಪಂಜರದಲ್ಲಿಡುವುದು ಆಕಾಶದಲ್ಲಿ ಬದುಕುವ ಅವುಗಳ ಹಕ್ಕಿಗೆ ವಿರುದ್ಧವೆಂದು ಹೇಳಿತು. ಅತ್ತಿತ್ತ ಚಲಿಸಲು ಸಾಲದಷ್ಟು ಇಕ್ಕಟ್ಟಾದ ಪಂಜರದಲ್ಲಿ ಪ್ರಾಣಿಯನ್ನಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ಸಾಕುಪ್ರಾಣಿ ಮಾರುವ ಅಂಗಡಿಗಳು ನೋಂದಣಿ ಮಾಡಿಸಿಕೊಳ್ಳಬೇಕೆಂದು 2018ರ ನಿಯಮಗಳು ಹೇಳುತ್ತವೆ. ನೋಂದಣಿ ಪತ್ರ ತೋರಿಸಿರೆಂದು ಕೇಳಲು ಕೊಳ್ಳುವವರು ಸಂಕೋಚಪಡಬೇಕಾಗಿಲ್ಲ.

ಹ್ಯಾಮ್‌ಸ್ಟರನ್ನು ಬಯಲಿಗೆ ಬಿಡುವಂತಿಲ್ಲ. ಇಲ್ಲಿನ ಬಿಸಿಲು, ಬೆಕ್ಕು, ಕಾಗೆಗಳ ನಡುವೆ ಅದು ಒಂದು ದಿನ ಬಾಳದು. ಅದಕ್ಕೆ ಗೋಡೆ ಬೇಕೇಬೇಕು. ಆ ಗೋಡೆಯೊಳಗೆ ಅಗೆಯಲು ನೆಲ, ಅಡಗಲು ಕತ್ತಲೆ, ಉಸಿರಾಡಲು ತಂಪು ಇದ್ದರೆ ಅದನ್ನು ಗೂಡು ಎನ್ನಬಹುದು. ಅಂಥ ಗೂಡಿಗೆ ಮನೆಯಲ್ಲಿ ಒಂದು ಮೀಟರ್ ಜಾಗವೂ ಬೇಸಿಗೆಯಲ್ಲಿ ತಂಪಾದ ಮೂಲೆಯೂ ಇಲ್ಲದವರು ಮಕ್ಕಳಿಗೆ ಹ್ಯಾಮ್‌ಸ್ಟರನ್ನು ತಂದುಕೊಡಬಾರದೆಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ. ಜಾಗವಿರುವವರು ಮೊದಲು ಪೆಟ್ಟಿಗೆ ಮಾಡಿಸಲಿ, ಹಾಸು ತುಂಬಲಿ, ಒಂದು ಮಧ್ಯಾಹ್ನ ಅದರೊಳಗೆ ಉಷ್ಣಮಾಪಕವನ್ನಿಟ್ಟು ನೋಡಲಿ. ಪ್ರಾಣಿಯನ್ನು ಆಮೇಲೆ ತಂದರಾಯಿತು.