ಮಕ್ಕಳಿರುವ ಕಡೆ ಖೋಲಿ ಇಲ್ಲ

2022ರ ನವೆಂಬರ್ 14, ಮಕ್ಕಳ ದಿನಾಚರಣೆ. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ‘ವಿವೇಕ’ ಶಾಲಾ ಕೊಠಡಿ ಯೋಜನೆಗೆ ಕಲಬುರಗಿ ಜಿಲ್ಲೆಯಲ್ಲೇ ಅಡಿಗಲ್ಲು ಹಾಕಿದರು. ರಾಜ್ಯದಾದ್ಯಂತ 7601 ಕೊಠಡಿ ಕಟ್ಟುವ ಯೋಜನೆ ಅದು. ಆ ದಿನಗಳಲ್ಲಿ ಸುದ್ದಿಯಾದದ್ದು ಗೋಡೆಗೆ ಕೇಸರಿ ಬಣ್ಣ ಬಳಿಯಬೇಕೋ ಬೇಡವೋ ಎಂಬ ಜಗಳ. ಯಾವ ಊರಿಗೆ ಎಷ್ಟು ಕೊಠಡಿ, ಯಾವ ಲೆಕ್ಕದ ಮೇಲೆ ಎಂದು ಕೇಳಿದವರು ಬಹಳ ಕಡಿಮೆ. ಬಣ್ಣದ ಮಾತು ತಣ್ಣಗಾಗಿದೆ, ಸರ್ಕಾರವೂ ಬದಲಾಗಿದೆ. ಆ ಲೆಕ್ಕದ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ. ಕಲಬುರಗಿ ನಗರ ಮತ್ತು ಹೊಸ ತಾಲ್ಲೂಕಾದ ಕಮಲಾಪುರವನ್ನು ಮುಂದಿಟ್ಟುಕೊಂಡು ಅದನ್ನು ಇಲ್ಲಿ ಪರಿಶೀಲಿಸುತ್ತೇನೆ.

ನಮ್ಮ ಭಾಗಕ್ಕೆ ಹಣ ಬಂದಿಲ್ಲ ಎಂದು ಈಗ ಹೇಳಲಾಗದು. ದಶಕಗಳ ಹೋರಾಟದ ಫಲವಾಗಿ 2012ರಲ್ಲಿ ಸಂಸತ್ತು ಸಂವಿಧಾನಕ್ಕೆ 98ನೇ ತಿದ್ದುಪಡಿ ಒಪ್ಪಿತು, ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371(ಜೆ) ವಿಧಿ ಬಂತು, ಪ್ರತ್ಯೇಕ ಮಂಡಳಿ ಬಂತು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಇತ್ತೀಚಿನ ಬಜೆಟ್‌ಗಳಲ್ಲಿ ವರ್ಷಕ್ಕೆ 5000 ಕೋಟಿ ರೂಪಾಯಿ ಘೋಷಣೆಯಾಗಿದೆ. ಆ ಅನುದಾನದ ಕಾಲುಭಾಗವನ್ನು ‘ಅಕ್ಷರ ಆವಿಷ್ಕಾರ’ದ ಹೆಸರಿನಲ್ಲಿ ಶಿಕ್ಷಣಕ್ಕೆ ತೆಗೆದಿಡಲು ಮಂಡಳಿ ಮುಂದಾದದ್ದು, ನನ್ನ ದೃಷ್ಟಿಯಲ್ಲಿ, ಅದರ ಇತಿಹಾಸದಲ್ಲೇ ಅತ್ಯಂತ ಒಳ್ಳೆಯ ತೀರ್ಮಾನ. ರಸ್ತೆ, ಸಮುದಾಯ ಭವನಗಳಿಗೆ ಹರಿದುಹೋಗುತ್ತಿದ್ದ ದುಡ್ಡು ಶಾಲೆಯ ಕಡೆ ತಿರುಗಿದ್ದು ಸಣ್ಣ ಸಂಗತಿಯಲ್ಲ. ಇಷ್ಟಾಗಿಯೂ 2025ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ಕಲಬುರಗಿ ಶೇ 42.43ರೊಂದಿಗೆ ರಾಜ್ಯದ ಕೊನೆಯ ಸ್ಥಾನಕ್ಕೆ ಇಳಿಯಿತು. ಇದಕ್ಕೆ ಕೊಠಡಿಯೊಂದೇ ಕಾರಣವಲ್ಲ. ಖಾಲಿ ಬಿದ್ದ ಶಿಕ್ಷಕರ ಹುದ್ದೆಗಳಿವೆ, ಗುಳೆ ಇದೆ, ಬಡತನವಿದೆ. ಆದರೆ ಒಂದೇ ಖೋಲಿಯಲ್ಲಿ ಎಂಬತ್ತು ತೊಂಬತ್ತು ಮಕ್ಕಳು ಕೂತರೆ ಕೊನೆಯ ಸಾಲಿನ ಹುಡುಗಿಯ ಪಟ್ಟಿಯನ್ನು ಎಂಥ ಶ್ರದ್ಧೆಯ ಮೇಷ್ಟ್ರಿಗೂ ತಿದ್ದಲಾಗುವುದಿಲ್ಲ.

ಕೊಠಡಿ ಹಂಚುವ ಲೆಕ್ಕದ ಮೊದಲ ದೋಷ ಇರುವುದು ಸರಾಸರಿಯಲ್ಲಿ. ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಐದು ತಾಂಡಾಗಳಲ್ಲಿ ಐದು ಕಿರಿಯ ಪ್ರಾಥಮಿಕ ಶಾಲೆ, ಒಂದೊಂದರಲ್ಲಿ 12 ಮಕ್ಕಳು, ಎರಡೆರಡು ಕೊಠಡಿ. ನಗರದಂಚಿನ ಒಂದು ಶಾಲೆಯಲ್ಲಿ 540 ಮಕ್ಕಳು, ಆರು ಕೊಠಡಿ. ಎಲ್ಲ ಕೂಡಿಸಿದರೆ 600 ಮಕ್ಕಳಿಗೆ 16 ಕೊಠಡಿ. ಕೊಠಡಿಗೆ 38ರೊಳಗೇ ಬಂತು. ಸಭೆಯಲ್ಲಿ ಓದುವಾಗ ಈ ಸಂಖ್ಯೆಯಿಂದ ಯಾರಿಗೂ ಗಾಬರಿಯಾಗುವುದಿಲ್ಲ. ಆದರೆ ಆ ನಗರದಂಚಿನ ಶಾಲೆಯಲ್ಲಿ ಒಂದು ಖೋಲಿಗೆ 90 ಮಕ್ಕಳು. ಜಿಲ್ಲೆಯ ಸರಾಸರಿ, ತಾಲ್ಲೂಕಿನ ಸರಾಸರಿ, ಕ್ಷೇತ್ರದ ಸರಾಸರಿ ಎಲ್ಲವೂ ಈ ತೊಂಬತ್ತನ್ನು ಮುಚ್ಚಿಡುತ್ತವೆ. ದಟ್ಟಣೆ ಕಾಣಬೇಕಾದರೆ ಪ್ರತಿ ಶಾಲೆಯ, ಅದರೊಳಗೆ ಪ್ರತಿ ತರಗತಿಯ ಲೆಕ್ಕ ಮೇಜಿನ ಮೇಲೆ ಬರಬೇಕು.

ಎರಡನೆಯದು ಕಾಲದ ಲೆಕ್ಕ. 2009ರ ಶಿಕ್ಷಣ ಹಕ್ಕು (ಆರ್‌ಟಿಇ) ಕಾಯ್ದೆಯ ಅನುಸೂಚಿ ಒಬ್ಬ ಶಿಕ್ಷಕರಿಗೆ ಕನಿಷ್ಠ ಒಂದು ಕೊಠಡಿ ಎನ್ನುತ್ತದೆ; ಶಿಕ್ಷಕರ ಸಂಖ್ಯೆಯನ್ನು ಮಕ್ಕಳ ದಾಖಲಾತಿಯ ಮೇಲೆ ನಿಗದಿ ಮಾಡುತ್ತದೆ. ಉದ್ದೇಶ ಒಳ್ಳೆಯದು. ಆದರೆ ಬೆಳೆಯುವ ಊರಿನಲ್ಲಿ ಇದು ಹಿಂದೆ ನೋಡುತ್ತ ನಡೆಯುವ ಕ್ರಮವಾಗುತ್ತದೆ. ಮೊದಲು ಮಕ್ಕಳು ಬರಬೇಕು, ದಾಖಲಾತಿ ಏರಬೇಕು, ಅದು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯಿಂದ ಮೇಲಕ್ಕೆ ಹೋಗಬೇಕು, ಕ್ರಿಯಾಯೋಜನೆಯಲ್ಲಿ ಹೆಸರು ಸೇರಬೇಕು, ಟೆಂಡರ್ ಆಗಬೇಕು. ಕೊಠಡಿಗೆ ಸ್ಲ್ಯಾಬ್ ಬೀಳುವ ಹೊತ್ತಿಗೆ ಮೂರನೇ ತರಗತಿಯಲ್ಲಿ ಒತ್ತಿ ಕೂತಿದ್ದ ಮಕ್ಕಳು ಆರಕ್ಕೋ ಏಳಕ್ಕೋ ಹೋಗಿರುತ್ತಾರೆ. ಜನಗಣತಿಯನ್ನು ಆಧಾರವಾಗಿ ಹಿಡಿದರೆ ಇನ್ನೂ ಕಷ್ಟ: 2021ರಲ್ಲಿ ನಡೆಯಬೇಕಾಗಿದ್ದ ಗಣತಿ ಮುಂದೆ ಹೋದ ಕಾರಣ ನಾವು 2011ರ ಅಂಕಿಗಳಲ್ಲೇ ನಿಂತಿದ್ದೇವೆ. ಆಗ ಕಲಬುರಗಿ ಪಾಲಿಕೆಯ ಜನಸಂಖ್ಯೆ ಸುಮಾರು 5.33 ಲಕ್ಷ, ಜಿಲ್ಲೆಯದು 25.66 ಲಕ್ಷ, ಜಿಲ್ಲೆಯ ಸಾಕ್ಷರತೆ ಶೇ 65ರ ಆಸುಪಾಸು. ಆ ವರ್ಷ ಹುಟ್ಟಿದ ಮಕ್ಕಳು ಆಗಲೇ ಹತ್ತನೇ ತರಗತಿಯ ವಯಸ್ಸಿಗೆ ಬಂದಿದ್ದಾರೆ.

ಮುಂದೆ ನೋಡುವ ದಾಖಲೆ ನಮ್ಮಲ್ಲಿ ಇಲ್ಲವೇ? ಇದೆ. ಗರ್ಭಿಣಿಯರ ತಾಯಿ ಕಾರ್ಡ್ ಇದೆ, ಅಂಗನವಾಡಿಯ ದಾಖಲೆ ಪುಸ್ತಕವಿದೆ. ಐದು ವರ್ಷದ ನಂತರ ಯಾವ ಓಣಿಯಿಂದ ಎಷ್ಟು ಮಕ್ಕಳು ಒಂದನೇ ತರಗತಿಗೆ ಬರುತ್ತಾರೆ ಎಂಬುದನ್ನು ಅಂಗನವಾಡಿ ಕಾರ್ಯಕರ್ತೆ ಇವತ್ತೇ ಬಾಯಲ್ಲಿ ಹೇಳಬಲ್ಲಳು. ಆ ಪುಸ್ತಕ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು, ಕೊಠಡಿಯ ಪಟ್ಟಿ ಶಿಕ್ಷಣ ಇಲಾಖೆಯದು, ದುಡ್ಡು ಮಂಡಳಿಯದು. ಮೂರೂ ಒಂದೇ ಮೇಜಿಗೆ ಬರುವ ಪದ್ಧತಿ ಬೆಳೆದಿಲ್ಲ.

ಕಮಲಾಪುರದ ಕಥೆಯಲ್ಲಿ ಇನ್ನೊಂದು ತೊಡಕಿದೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ರಾಜ್ಯದಲ್ಲಿದ್ದದ್ದು 175 ತಾಲ್ಲೂಕು. 35 ಸೂಚ್ಯಂಕ ಹಿಡಿದು 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿದ ಆ ವರದಿ ಇಂದಿಗೂ ನಮ್ಮ ಭಾಗದ ಅನುದಾನ ಹಂಚಿಕೆಯ ಬುನಾದಿ. ಅಷ್ಟು ಶ್ರಮದ, ಅಷ್ಟು ನ್ಯಾಯಬುದ್ಧಿಯ ಇನ್ನೊಂದು ವರದಿ ಕರ್ನಾಟಕಕ್ಕೆ ಅಪರೂಪ. ಆದರೆ ಅದರಲ್ಲಿ ಕಮಲಾಪುರ ಎಂಬ ತಾಲ್ಲೂಕೇ ಇಲ್ಲ. ಅದು ಆಗ ಕಲಬುರಗಿ ತಾಲ್ಲೂಕಿನೊಳಗಿನ ಹೋಬಳಿ. ವಿಶ್ವವಿದ್ಯಾಲಯ, ಮೆಡಿಕಲ್ ಕಾಲೇಜು, ಹತ್ತಾರು ಖಾಸಗಿ ಶಾಲೆಗಳಿರುವ ನಗರದ ಜೊತೆಗೇ ಓಕಳಿ, ಮರಗುತ್ತಿ, ಡೊಂಗರಗಾಂವದ ಹಳ್ಳಿಗಳನ್ನೂ ಸುತ್ತಲ ತಾಂಡಾಗಳನ್ನೂ ಕೂಡಿಸಿ ಸರಾಸರಿ ತೆಗೆದಾಗ ಹಳ್ಳಿಯ ಕೊರತೆ ನಗರದ ನೆರಳಿನಲ್ಲಿ ಅಡಗಿಹೋಯಿತು. ಹೊಸ ತಾಲ್ಲೂಕಾದ ಮೇಲೂ ಹಳೆಯ ತಾಲ್ಲೂಕಿನ ಅಂಕಿಯನ್ನೇ ಹಂಚಿಕೊಂಡರೆ ಆ ಅನ್ಯಾಯ ಮುಂದುವರಿಯುತ್ತದೆ. ಕಮಲಾಪುರ, ಕಾಳಗಿ, ಯಡ್ರಾಮಿ, ಶಹಾಬಾದ್ ಈ ನಾಲ್ಕಕ್ಕೂ ಶಾಲೆಯ ಮಟ್ಟಿಗಾದರೂ ಪ್ರತ್ಯೇಕ ಸೂಚ್ಯಂಕ ಬೇಕೇ ಬೇಕು.

ಕಮಲಾಪುರ ಬೆಳೆಯುತ್ತಿರುವುದು ಕಣ್ಣಿಗೆ ಕಾಣುತ್ತದೆ. ಹುಮನಾಬಾದ್ ರಸ್ತೆಯ ಹೆದ್ದಾರಿ, 2017ರ ಅಕ್ಟೋಬರ್‌ನಲ್ಲಿ ಶುರುವಾದ ಬೀದರ್-ಕಲಬುರಗಿ ರೈಲು, ತಾಲ್ಲೂಕು ಕಚೇರಿಗಳು. ಕೆಂಪು ಬಾಳೆಯಿಂದ ಹೆಸರಾದ ಊರು ಈಗ ಸುತ್ತಲ ಹಳ್ಳಿಗಳಿಗೆ ಓದಿನ ಕೇಂದ್ರವೂ ಹೌದು. ಇಲ್ಲಿನ ಒತ್ತಡ ಹುಟ್ಟುವುದು ಎಂಟನೇ ತರಗತಿಯಲ್ಲಿ. ಕಾಯ್ದೆ ಪ್ರಾಥಮಿಕ ಶಿಕ್ಷಣವನ್ನು ಎಂಟನೆಯವರೆಗೆ ಎಂದು ಎಣಿಸಿದರೂ ನಮ್ಮ ಬಹಳಷ್ಟು ಹಿರಿಯ ಪ್ರಾಥಮಿಕ ಶಾಲೆಗಳು ಏಳಕ್ಕೇ ಮುಗಿಯುತ್ತವೆ. ಏಳನೆಯವರೆಗೆ ಹತ್ತು ಊರುಗಳಲ್ಲಿ ಹಂಚಿಹೋಗಿದ್ದ ಮಕ್ಕಳು ಜೂನ್ ತಿಂಗಳ ಒಂದೇ ವಾರದಲ್ಲಿ ಒಂದೋ ಎರಡೋ ಹೈಸ್ಕೂಲಿನ ಬಾಗಿಲಿಗೆ ಬಂದು ನಿಲ್ಲುತ್ತಾರೆ. 2023ರ ಜೂನ್‌ನಲ್ಲಿ ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಬಸ್ ಖರ್ಚಿನ ನೆಪ ಹೆಣ್ಣುಮಕ್ಕಳ ಮಟ್ಟಿಗೆ ಹೋಯಿತು. ಏಳಕ್ಕೇ ಬಿಡಿಸುತ್ತಿದ್ದ ತಂದೆತಾಯಿಗೆ ಕಳಿಸಲು ಒಂದು ದಾರಿ ಸಿಕ್ಕಿತು. ಇದು ಸಂತೋಷ ಪಡಬೇಕಾದ ದಟ್ಟಣೆ. ಆದರೆ ಆ ಹುಡುಗಿಯರನ್ನು ಲೆಕ್ಕಕ್ಕೆ ಹಿಡಿದು ಬೆಂಚು, ಶೌಚಾಲಯ, ಸಂಜೆಯ ಬಸ್ಸು ಯೋಜಿಸಿದ್ದರೆ ಮಾತ್ರ ಅವರು ಹತ್ತನೆಯವರೆಗೆ ಉಳಿಯುತ್ತಾರೆ.

ಇಲ್ಲಿಯೇ ಎರಡು ಸರ್ಕಾರಿ ಯೋಜನೆಗಳು ಒಂದಕ್ಕೊಂದು ಎದುರಾಗುತ್ತವೆ. ಒಂದು ಕಡೆ ಹಳ್ಳಿ, ತಾಂಡಾಗಳ ಶಾಲೆಗೆ ಕೊಠಡಿ ಮಂಜೂರಾಗುತ್ತದೆ. ಇನ್ನೊಂದು ಕಡೆ ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿ ಕಲಿಸುವ ಕರ್ನಾಟಕ ಪಬ್ಲಿಕ್ ಶಾಲೆಗಳನ್ನು ಹೆಚ್ಚಿಸಲಾಗುತ್ತಿದೆ. 2025-26ರ ಬಜೆಟ್‌ನಲ್ಲಿ ಹೊಸದಾಗಿ 500 ಶಾಲೆಗಳ ಘೋಷಣೆಯಾಯಿತು. ಇಂಗ್ಲಿಷ್ ಮಾಧ್ಯಮ, ಒಳ್ಳೆಯ ಕಟ್ಟಡ ಇರುವಲ್ಲಿಗೆ ಪಾಲಕರು ಮಕ್ಕಳನ್ನು ಕಳಿಸುವುದು ಸಹಜ, ಅದು ಅವರ ಹಕ್ಕು. ಫಲವೇನೆಂದರೆ ತಾಂಡಾದಲ್ಲಿ ಹೊಸ ಖೋಲಿಗೆ ಬೀಗ, ದೊಡ್ಡೂರಿನ ಶಾಲೆಯ ವರಾಂಡದಲ್ಲಿ ತರಗತಿ. ಪಬ್ಲಿಕ್ ಶಾಲೆ ಬೇಡವೆಂದು ನಾನು ಹೇಳುವುದಿಲ್ಲ. ಸುತ್ತಲ ಯಾವ ಶಾಲೆಗಳ ಮಕ್ಕಳು ಎಷ್ಟು ವರ್ಷದಲ್ಲಿ ಇತ್ತ ಬರುತ್ತಾರೆ ಎಂಬ ಅಂದಾಜಿಲ್ಲದೆ ಎರಡೂ ಕಡೆ ಸಿಮೆಂಟು ಸುರಿಯುವುದು ತಪ್ಪು. ಗುಳೆಯ ಮಕ್ಕಳದ್ದು ಇನ್ನೂ ಸೂಕ್ಷ್ಮ ವಿಷಯ: ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆ ತಂದೆತಾಯಿ ಮಹಾರಾಷ್ಟ್ರಕ್ಕೋ ಹೈದರಾಬಾದಿಗೋ ಹೋದಾಗ ಕೆಲವರು ಶಾಲೆಯಿಂದ ಮರೆಯಾಗುತ್ತಾರೆ. ಒಂದು ದಿನದ ಹಾಜರಿ ನೋಡಿ ಆ ತಾಂಡಾದ ಶಾಲೆಯನ್ನು ‘ಮಕ್ಕಳಿಲ್ಲದ ಶಾಲೆ’ ಎಂದು ಬರೆದರೆ ಅವರು ಮರಳಿ ಬರುವ ದಾರಿಯನ್ನೇ ಮುಚ್ಚಿದಂತೆ. ಒಂದರಿಂದ ಐದನೆಯವರೆಗಿನ ಮಕ್ಕಳಿಗೆ ಒಂದು ಕಿಲೋಮೀಟರ್ ಒಳಗೆ ಶಾಲೆ ಇರಬೇಕೆಂಬ ನಿಯಮವನ್ನು ತಾಂಡಾಗಳ ವಿಷಯದಲ್ಲಿ ಕೈಬಿಡಕೂಡದು.

ನಗರದಲ್ಲಿ ಕೊರತೆ ಇರುವುದು ಜಾಗದ್ದು. ಕಲಬುರಗಿ ರಿಂಗ್ ರಸ್ತೆಯನ್ನು ದಾಟಿ ಬಹಳ ದಿನವಾಯಿತು. ಸೇಡಂ ರಸ್ತೆ, ಆಳಂದ ರಸ್ತೆ, ಹುಮನಾಬಾದ್ ರಸ್ತೆಯ ಬದಿಗೆ ತೊಗರಿ ಹೊಲಗಳು ಎನ್‌ಎ (ಕೃಷಿಯೇತರ) ಆಗಿ ಬಡಾವಣೆಗಳಾದವು. ಜಿಲ್ಲೆಯ ಹಳ್ಳಿಗಳಿಂದ ಕೂಲಿಗೆ ಬಂದವರೂ ಇಲ್ಲೇ ಬಾಡಿಗೆ ಮನೆ ಹಿಡಿದಿದ್ದಾರೆ. ಸರ್ಕಾರಿ ಶಾಲೆಗಳ ಹಳೆಯ ಆವರಣಗಳು ಇರುವುದು ಹೆಚ್ಚಾಗಿ ಹಳೆಯ ಊರಿನಲ್ಲಿ. ಬಡಾವಣೆಗೆ ಒಪ್ಪಿಗೆ ಕೊಡುವಾಗ ನಾಗರಿಕ ಸೌಲಭ್ಯಕ್ಕೆಂದು ಸಿ.ಎ. ಸೈಟ್ ಬಿಡಿಸಿಕೊಳ್ಳುತ್ತಾರೆ, ಆದರೆ ಅದರಲ್ಲಿ ಸರ್ಕಾರಿ ಶಾಲೆಗೆ ಮೊದಲ ಹಕ್ಕು ಎಂಬ ಕಟ್ಟುಪಾಡು ಕಾಣುವುದಿಲ್ಲ. ಸಂಘ ಸಂಸ್ಥೆಗಳು ಅರ್ಜಿ ಹಾಕಿ ಗುತ್ತಿಗೆಗೆ ಪಡೆಯುತ್ತವೆ, ಶಿಕ್ಷಣ ಇಲಾಖೆ ಅರ್ಜಿಯನ್ನೇ ಹಾಕಿರುವುದಿಲ್ಲ. ಇದರ ಮೇಲೆ, ಸಮೀಪದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆರ್‌ಟಿಇ ಸೀಟು ಇಲ್ಲ ಎಂದು 2019ರಿಂದ ನಿಯಮ ಬದಲಾಯಿತು. ಆ ಬದಲಾವಣೆಯನ್ನು ನಾನು ತತ್ವದ ಮೇಲೆ ವಿರೋಧಿಸುವುದಿಲ್ಲ. ಸರ್ಕಾರಿ ಶಾಲೆ ಇರುವಾಗ ಖಾಸಗಿಯವರಿಗೆ ದುಡ್ಡು ಏಕೆ ಎಂಬ ವಾದದಲ್ಲಿ ಹುರುಳಿದೆ. ಆದರೆ ಆ ಮಕ್ಕಳಿಗಾಗಿ ಸರ್ಕಾರಿ ಶಾಲೆಯಲ್ಲಿ ಜಾಗ ಮಾಡುವುದು ಅದೇ ಆದೇಶದ ಭಾಗವಾಗಬೇಕಿತ್ತು.

ಜಾಗವಿಲ್ಲದಿದ್ದಾಗ ಸುಲಭದ ದಾರಿ ಆಟದ ಮೈದಾನ. ಅದರ ಒಂದು ಮೂಲೆಗೆ ಎರಡು ಖೋಲಿ, ಮತ್ತೆರಡು ವರ್ಷಕ್ಕೆ ಇನ್ನೆರಡು. ಕೊಠಡಿ ಹೆಚ್ಚಿದಂತೆ ಶೌಚಾಲಯ, ನಲ್ಲಿ, ಅಡುಗೆಕೋಣೆ ಹೆಚ್ಚುವುದಿಲ್ಲ. ಅಮೆರಿಕದ ಲಾಸ್ ಏಂಜಲೀಸ್ ದಟ್ಟಣೆ ತಾಳಲಾರದೆ ಮಕ್ಕಳನ್ನು ತಂಡಗಳಾಗಿ ಒಡೆದು ವರ್ಷವಿಡೀ ಸರದಿಯ ಮೇಲೆ ಶಾಲೆ ನಡೆಸಿದ ಕಾಲವೊಂದಿತ್ತು. ಆ ಊರು ಅದರಿಂದ ಹೊರಬಂದದ್ದು ಹೊಸ ಜಾಗ ಹುಡುಕಿ 130ಕ್ಕೂ ಹೆಚ್ಚು ಹೊಸ ಶಾಲೆ ಕಟ್ಟಿದ ಮೇಲೆ. ಇದ್ದ ಶಾಲೆಯನ್ನೇ ಹಿಗ್ಗಿಸುವುದಕ್ಕೆ ಒಂದು ಮಿತಿ ಇದೆ.

ಕಟ್ಟಡದ ಬಗ್ಗೆ ಒಂದು ಮಾತು. ಬೇಸಿಗೆಯಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನು ಬಿಸಿಲಿನ ಕಾರಣಕ್ಕೆ ಬೆಳಗಿನ ಹೊತ್ತಿಗೆ ಬದಲಿಸುತ್ತಾರೆ. ಆ ತಿಳಿವಳಿಕೆ ಶಾಲೆಯ ನಕಾಶೆಗೂ ಬರಬೇಕು: ಎತ್ತರದ ಮಾಳಿಗೆ, ಎದುರುಬದುರು ಕಿಟಕಿ, ಅಗಲ ಪಡಸಾಲೆ, ನೆಲಕ್ಕೆ ನಮ್ಮದೇ ಶಹಾಬಾದ್ ಪರಸಿ.

ಲೆಕ್ಕ ಸರಿಪಡಿಸಲು ಹೊಸದೇನನ್ನೂ ಕಂಡುಹಿಡಿಯಬೇಕಾಗಿಲ್ಲ. 1990ರ ದಶಕದ ಕೊನೆಗೆ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮದ ಎರಡನೇ ಹಂತದಲ್ಲಿ ಆಗಿನ ಗುಲ್ಬರ್ಗ ಜಿಲ್ಲೆಯೂ ಇತ್ತು. ಊರವರೇ ಕೂತು ಮನೆ, ಮಕ್ಕಳು, ಹಳ್ಳ, ಶಾಲೆ ಗುರುತಿಸಿ ನಕ್ಷೆ ಬರೆಯುವುದು ಆ ಕಾರ್ಯಕ್ರಮದ ಮುಖ್ಯ ಭಾಗ. ಅದನ್ನು ಮತ್ತೆ ಎತ್ತಿಕೊಳ್ಳಬೇಕು. ಈ ಸಲ ನಗರದ ವಾರ್ಡುಗಳಲ್ಲೂ, ಉರ್ದು ಮಾಧ್ಯಮದ ಶಾಲೆಗಳನ್ನು ಬಿಡದೆ. ಮಂಡಳಿಯ ಮುಂದಿನ ಕ್ರಿಯಾಯೋಜನೆಯಲ್ಲಿ ಪ್ರತಿ ಕೊಠಡಿಯ ಹೆಸರಿನ ಎದುರಿಗೆ ನಾಲ್ಕು ಅಂಕಣ ಇರಲಿ: ಈಗ ಒಂದು ಖೋಲಿಗೆ ಎಷ್ಟು ಮಕ್ಕಳು, ಅಂಗನವಾಡಿಯಿಂದ ಮುಂದಿನ ಐದು ವರ್ಷದಲ್ಲಿ ಎಷ್ಟು ಬರುತ್ತಾರೆ, ಮೂರು ಕಿಲೋಮೀಟರ್ ಒಳಗೆ ಬೇರೆ ಯಾವ ಶಾಲೆ ಇದೆ, ಜಾಗ ಯಾರ ಹೆಸರಿನಲ್ಲಿದೆ. ಆ ಪಟ್ಟಿಯನ್ನು ಮಂಜೂರಾತಿಗೆ ಮೊದಲು ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರಿಗೆ ಓದಿ ಹೇಳಿ, ತಕರಾರು ಕೇಳಲು ಒಂದು ತಿಂಗಳ ಸಮಯ ಕೊಡಲಿ.